ಬಾಕ್ಸ್ ಲ್ಯಾಕ್ರೋಸ್ ಅಂದರೆ ಚಾವಣಿ ಹಾಕಿದ ಲ್ಯಾಕ್ರೋಸ್ ಅಲ್ಲ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತಲ್ಲ, ಅದರ ಜೊತೆಗೇ ಲ್ಯಾಕ್ರೋಸ್ ಕೂಡ, ಅಂದರೆ ತುದಿಗೆ ಬಲೆ ಇರುವ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ಆಟ, ಪಟ್ಟಿಗೆ ಬಂತು. ಅಂದಿನಿಂದ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಆ ಆಟದ ಕ್ಲಿಪ್ಪುಗಳು ಆಗಾಗ ಬೀಳುತ್ತವೆ. ಬೀಳಲಿ, ಸಂತೋಷ. ಆದರೆ ಬಾಕ್ಸ್ ಲ್ಯಾಕ್ರೋಸ್ ಅನ್ನುವ ಬಗೆಯ ಕ್ಲಿಪ್ಪು ಬಂದರೆ ಅದರ ಕೆಳಗೆ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ: "ಇದು ಇಂಡೋರ್. ಆಟ ಅದೇ, ಮೇಲೆ ಚಾವಣಿ ಉಂಟು, ಅಷ್ಟೇ." ಮೊನ್ನೆ ಒಬ್ಬರು ಇನ್ನೂ ಮುಂದೆ ಹೋಗಿ, ಒಲಿಂಪಿಕ್ಸ್‌ನಲ್ಲಿ ಆಡುವುದು ಬಾಕ್ಸ್ ಲ್ಯಾಕ್ರೋಸ್ ಎಂದು ತೀರ್ಪು ಕೊಟ್ಟರು. ಎರಡೂ ತಪ್ಪು. ಮೊದಲನೆಯದನ್ನು ಬಿಡಿಸಿದರೆ ಎರಡನೆಯದು ತಾನಾಗಿ ಬಿಡುತ್ತದೆ.

ಈ ತಪ್ಪು ನಮ್ಮ ಕಡೆಯವರಿಗೆ ಸುಲಭವಾಗಿ ಬರುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಹರೂ ಮೈದಾನವನ್ನೇ ನೋಡಿ, ಅಲ್ಲಿ ಆಡುವ ಮಾತೇ ಇಲ್ಲ. ಹಾಗಾಗಿ ಇಂಡೋರ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಮಳೆಯಿಂದ ತಪ್ಪಿಸಿಕೊಳ್ಳುವ ಜಾಗ. ಶಟ್ಲ್ ಕೋರ್ಟು, ಟೇಬಲ್ ಟೆನಿಸ್ ಹಾಲು. ಒಳಗೆ ಆಡುವುದು ಹವೆಯ ಸಮಸ್ಯೆಗೆ ಪರಿಹಾರ ಅಂತಲೇ ನಾವು ಭಾವಿಸುತ್ತೇವೆ.

ಲ್ಯಾಕ್ರೋಸ್‌ನಲ್ಲಿ ಕಥೆ ಪೂರ್ತಿ ತಿರುಗಾಮುರುಗಾ. ಅದು ಒಳಗೆ ಹೋದದ್ದು ಹವೆ ಚೆನ್ನಾಗಿದ್ದ ಕಾಲಕ್ಕೆ.

1931ರ ಕೆನಡಾ. ಚಳಿಗಾಲದಲ್ಲಿ ಐಸ್ ಹಾಕಿ ನೋಡಲು ಜನ ಮುಗಿಬೀಳುತ್ತಿದ್ದ ದೊಡ್ಡ ದೊಡ್ಡ ಅರೀನಾಗಳು ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದವು. ಮೇಲಿಂದ ಆರ್ಥಿಕ ಕುಸಿತದ ಹೊಡೆತ ಬೇರೆ. ಅರೀನಾ ನಡೆಸುವವರು ಲೆಕ್ಕ ಹಾಕಿದರು: ಮಂಜುಗಡ್ಡೆ ತೆಗೆದರೆ ಕೆಳಗೆ ಗಟ್ಟಿ ನೆಲ ಉಂಟು, ಸುತ್ತ ಕುರ್ಚಿ ಉಂಟು, ಊರಿನ ತುಂಬ ಲ್ಯಾಕ್ರೋಸ್ ಆಡುವ ಹುಡುಗರಿದ್ದಾರೆ. ಟಿಕೆಟ್ ಯಾಕೆ ಮಾರಬಾರದು? ಹೀಗೆ, ಹೊರಗೆ ಆಡಲು ಹೇಳಿ ಮಾಡಿಸಿದಂಥ ಬಿಸಿಲಿರುವಾಗಲೇ, ಆಟವನ್ನು ಒಳಗೆ ಎಳೆದು ತಂದರು. ಕೆಲವೇ ವರ್ಷಗಳಲ್ಲಿ ಅದು ಕೆನಡಾದಲ್ಲಿ ಹಳೆಯ ಮೈದಾನದ ಆಟವನ್ನೇ ಬದಿಗೆ ತಳ್ಳಿತು.

ಅರೀನಾದ ಜೊತೆಗೆ ಇನ್ನೊಂದು ಸಂಗತಿ ಉಚಿತವಾಗಿ ಸಿಕ್ಕಿತು. ಹಾಕಿ ರಿಂಕಿನ ಸುತ್ತ ಎದೆಮಟ್ಟದ ಮರದ ಗೋಡೆ ಇರುತ್ತದೆ, ಬೋರ್ಡ್ ಅನ್ನುತ್ತಾರೆ. ಬಾಕ್ಸ್ ಅನ್ನುವ ಹೆಸರು ಈ ಗೋಡೆ ಸುತ್ತುವರಿದ ಜಾಗಕ್ಕೆ ಸೇರಿದ್ದು. ಚಾವಣಿಗೂ ಆ ಹೆಸರಿಗೂ ಸಂಬಂಧ ಇಲ್ಲ.

ಬೇಕಾದರೆ ಚಾವಣಿ ತೆಗೆದೇ ನೋಡೋಣ. ಕೆನಡಾದ ಪಾರ್ಕುಗಳಲ್ಲಿ ಆಕಾಶದ ಕೆಳಗೇ ಕಟ್ಟಿದ ಲ್ಯಾಕ್ರೋಸ್ ಬಾಕ್ಸ್‌ಗಳಿವೆ. ಸಿಮೆಂಟಿನ ನೆಲ, ಸುತ್ತ ಬೋರ್ಡ್, ತಲೆ ಮೇಲೆ ಏನೂ ಇಲ್ಲ. ಅಲ್ಲಿ ಆಡುವುದು ಬಾಕ್ಸ್ ಲ್ಯಾಕ್ರೋಸ್. ಇನ್ನು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಂಡಕ್ಕೆ ತವರು ಮೈದಾನವೇ ಚಾವಣಿ ಹೊದ್ದ ಡೋಮ್. ಅಲ್ಲಿ ಅವರು ಆಡುವುದು ಫೀಲ್ಡ್ ಲ್ಯಾಕ್ರೋಸ್, ಅಂದರೆ ನಮ್ಮ ಗುಂಪಿನವರು ಔಟ್‌ಡೋರ್ ಅನ್ನುವ ಆಟ. ಈಗ ಹೇಳಿ, ಇಂಡೋರ್ ಯಾವುದು, ಔಟ್‌ಡೋರ್ ಯಾವುದು? ಸುಮ್ನೆ ಫೀಲ್ಡ್, ಬಾಕ್ಸ್ ಅಂದರೆ ಸಾಕಲ್ವಾ?

ಗೋಡೆಗೆ ಯಾಕಿಷ್ಟು ಮಹತ್ವ ಅಂದರೆ, ಉಳಿದ ಹೆಚ್ಚಿನ ವ್ಯತ್ಯಾಸಗಳು ಅದರ ಬೆನ್ನಿಗೇ ಬಂದವು. ಕೊಟ್ಟಾರದ ಕಡೆಯೋ ಕದ್ರಿಯ ಕಡೆಯೋ ಟರ್ಫ್ ಬುಕ್ ಮಾಡಿ ಬಾಕ್ಸ್ ಕ್ರಿಕೆಟ್ ಆಡಿದವರಿಗೆ ಸುತ್ತಲಿನ ಬಲೆ ಆಟವನ್ನು ಹೇಗೆ ಬದಲಿಸುತ್ತದೆ ಅಂತ ಹೇಳಬೇಕಾಗಿಲ್ಲ. ಆದರೆ ಬಲೆ ಚೆಂಡನ್ನು ತಡೆದು ಕೆಳಗೆ ಬೀಳಿಸುತ್ತದೆ. ಬೋರ್ಡ್ ಹಾಗಲ್ಲ, ಗಟ್ಟಿ ರಬ್ಬರ್ ಚೆಂಡನ್ನು ವಾಪಸು ಎಸೆಯುತ್ತದೆ. ಗೋಲಿಗೆ ಹೊಡೆದದ್ದು ಗುರಿ ತಪ್ಪಿತೋ, ಹಿಂದಿನ ಬೋರ್ಡ್‌ಗೆ ಬಡಿದು ಮತ್ತೆ ಆಟದೊಳಗೇ ಬರುತ್ತದೆ. ಯಾರು ಮೊದಲು ಬಾಚಿಕೊಂಡರೋ ಅವರದ್ದು. ಆಟ ನಿಲ್ಲುವುದೇ ಕಡಿಮೆ.

ಫೀಲ್ಡ್‌ನಲ್ಲಿ ಚೆಂಡು ಗೆರೆ ದಾಟಿದರೆ ಹೊರಗೆ. ಅಲ್ಲೊಂದು ವಿಚಿತ್ರ ನಿಯಮ ಉಂಟು, ಹೊಸಬರು ಇದನ್ನು ನೋಡಿ ರೆಫರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮಾಮೂಲಿ ಪಾಸ್ ಹೊರಗೆ ಹೋದರೆ ಚೆಂಡು ಎದುರಾಳಿಗೆ. ಆದರೆ ಗೋಲಿಗೆ ಹೊಡೆದ ಚೆಂಡು ತಪ್ಪಿ ಹೊರಗೆ ಹೋದರೆ, ಅದು ಗೆರೆ ದಾಟುವ ಹೊತ್ತಿಗೆ ಯಾವ ತಂಡದ ಆಟಗಾರ ಅದಕ್ಕೆ ಅತಿ ಹತ್ತಿರ ಇದ್ದಾನೋ ಆ ತಂಡಕ್ಕೆ. ಅದಕ್ಕೇ ಪ್ರತಿ ಹೊಡೆತಕ್ಕೂ ಗೋಲಿನ ಹಿಂದೆ ಇಬ್ಬರು ಮೂವರು ಬಿದ್ದಂಬೀಳ ಓಡುವುದು. ಸುಮ್ಮನೆ ಓಡುತ್ತಿಲ್ಲ ಅವರು, ಬೋರ್ಡ್ ಮಾಡುವ ಕೆಲಸವನ್ನು ಕಾಲಿನಿಂದ ಮಾಡುತ್ತಿದ್ದಾರೆ.

ಜಾಗದ ಅಳತೆ ಬೇಗ ಹೇಳಿ ಮುಗಿಸುತ್ತೇನೆ. ಫೀಲ್ಡ್ 110 ಗಜ ಉದ್ದ, 60 ಗಜ ಅಗಲ, ತಂಡಕ್ಕೆ 10 ಜನ. ಬಾಕ್ಸ್ ಸುಮಾರು 200 ಅಡಿ ಉದ್ದ, 85 ಅಡಿ ಅಗಲ, ಗೋಲ್‌ಕೀಪರ್ ಸೇರಿ 6 ಜನ. ಅಂದರೆ ಜಾಗ ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಜನ ಮಾತ್ರ ಅರ್ಧಕ್ಕಿಂತ ಜಾಸ್ತಿ. ಇಕ್ಕಟ್ಟು. ಫೀಲ್ಡ್‌ನಲ್ಲಿ ಆಫ್‌ಸೈಡ್ ನಿಯಮದಂತೆ ಗೋಲ್‌ಕೀಪರ್ ಸೇರಿ ನಾಲ್ವರು ತಮ್ಮ ಅರ್ಧದಲ್ಲಿ, ಮೂವರು ಎದುರಾಳಿಯ ಅರ್ಧದಲ್ಲಿ ಇರಲೇಬೇಕು. ಬಾಕ್ಸ್‌ನಲ್ಲಿ ಈ ಗೋಜಿಲ್ಲ. ಐವರೂ ಒಟ್ಟಿಗೆ ಹೋಗುತ್ತಾರೆ, ಒಟ್ಟಿಗೆ ಬರುತ್ತಾರೆ, ಓಟದ ನಡುವೆಯೇ ಬೆಂಚಿನಿಂದ ಬೇರೆಯವರು ಇಳಿಯುತ್ತಾರೆ. ಅಮೆರಿಕ, ಕೆನಡಾದ ವೃತ್ತಿಪರ ಬಾಕ್ಸ್ ಲೀಗ್‌ನಲ್ಲಿ 30 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು. ಅಮೆರಿಕದ ಕಾಲೇಜುಗಳ ಫೀಲ್ಡ್ ಆಟದಲ್ಲಿ ಪುರುಷರಿಗೆ 80 ಸೆಕೆಂಡ್ ಸಿಗುತ್ತದೆ.

ಇನ್ನು ಗೋಲ್‌ಕೀಪರ್. ಯಾವುದೇ ಕ್ಲಿಪ್ ಬಂದಾಗ ಮೊದಲು ಇವರನ್ನು ನೋಡಿ, ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಫೀಲ್ಡ್‌ನ ಗೋಲು 6 ಅಡಿ ಅಗಲ, 6 ಅಡಿ ಎತ್ತರ. ಅದರ ಮುಂದೆ ಹೆಲ್ಮೆಟ್, ಎದೆಗೊಂದು ಕವಚ, ಕೈಯಲ್ಲಿ ಅಗಲ ಬಲೆಯ ಕೋಲು ಹಿಡಿದ ಒಬ್ಬ ಮನುಷ್ಯ. ಅಷ್ಟು ದೊಡ್ಡ ಬಾಗಿಲನ್ನು ಮೈಯಿಂದ ಮುಚ್ಚಲು ಆಗದು, ಕೋಲಿನಿಂದಲೇ ಹಿಡಿಯಬೇಕು. ಬಾಕ್ಸ್‌ನ ಗೋಲು ಆ ವೃತ್ತಿಪರ ಲೀಗ್‌ನಲ್ಲಿ 4 ಅಡಿ 9 ಇಂಚು ಅಗಲ, 4 ಅಡಿ ಎತ್ತರ. ಅಲ್ಲಿನ ಗೋಲ್‌ಕೀಪರ್ ಭುಜ, ತೊಡೆ, ಮೊಣಕಾಲು ಎಲ್ಲ ಕಡೆ ದಪ್ಪ ಪ್ಯಾಡ್ ಕಟ್ಟಿಕೊಂಡು ಗೋಲನ್ನೇ ತುಂಬಿ ನಿಂತಿರುತ್ತಾನೆ. ಹೊಡೆಯುವವನಿಗೆ ಕಾಣುವುದು ಮೂಲೆಯ ಸಂದುಗಳು ಮಾತ್ರ.

ಕೋಲೂ ಬೇರೆ. ಫೀಲ್ಡ್‌ನ ಡಿಫೆಂಡರ್‌ಗಳ ಕೈಯಲ್ಲಿ 6 ಅಡಿ ತನಕ ಉದ್ದದ ಕೋಲು ಇರಬಹುದು, ತಂಡಕ್ಕೆ ಒಟ್ಟು ನಾಲ್ಕು. ದೂರದಿಂದಲೇ ಎದುರಾಳಿಯ ಕೈಗೆ, ಕೋಲಿಗೆ ತಟ್ಟಿ ಚೆಂಡು ಉದುರಿಸುವುದು ಅದರ ಕೆಲಸ. ಬಾಕ್ಸ್‌ನಲ್ಲಿ ಅದನ್ನು ಬೀಸಲು ಜಾಗವೇ ಇಲ್ಲ, ಹೊರಗಿನ ಐವರದ್ದೂ ಗಿಡ್ಡ ಕೋಲು. ಬದಲಿಗೆ ಅಲ್ಲಿ ಕ್ರಾಸ್‌-ಚೆಕ್ ನಡೆಯುತ್ತದೆ: ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಎದುರಾಳಿಯ ಮೈಗೆ ಒತ್ತಿ ತಳ್ಳುವುದು. ಇದು ಬಾಕ್ಸ್‌ನಲ್ಲಿ ನಿಯಮದೊಳಗಿನ ದಿನನಿತ್ಯದ ಕೆಲಸ, ಫೀಲ್ಡ್‌ನಲ್ಲಿ ಫೌಲ್. ಈ ಒಂದು ಸಂಗತಿ ಗೊತ್ತಿಲ್ಲದೆ ಬಾಕ್ಸ್ ನೋಡಿದವರು "ಇದೆಂತ ಮಾರಾಯ್ರೆ, ಹೊಡೆದಾಟ" ಎನ್ನುತ್ತಾರೆ.

ಎರಡು ಆಟ ಎರಡು ಬಗೆಯ ಆಟಗಾರರನ್ನು ತಯಾರು ಮಾಡುತ್ತದೆ ಅನ್ನುವುದಕ್ಕೆ ವಿಶ್ವ ಚಾಂಪಿಯನ್‌ಷಿಪ್‌ಗಳನ್ನೇ ನೋಡಿ. ಪುರುಷರ ಫೀಲ್ಡ್‌ನಲ್ಲಿ ಹೆಚ್ಚಿನ ಪಟ್ಟ ಅಮೆರಿಕದ್ದು. ಕೆನಡಾಕ್ಕೆ 1978, 2006, 2014ರಲ್ಲಿ ಮಾತ್ರ ಸಿಕ್ಕಿತು. ಪುರುಷರ ಬಾಕ್ಸ್‌ನಲ್ಲಿ 2003ರಿಂದ 2024ರ ತನಕ ಒಂದೂ ಬಿಡದೆ ಗೆದ್ದದ್ದು ಕೆನಡಾ. 2003ರಿಂದ 2019ರ ತನಕ ಪ್ರತಿ ಸಲ ಎರಡನೇ ಸ್ಥಾನ ಹೌಡೆನೊಸೌನಿ ತಂಡಕ್ಕೆ, ಅಂದರೆ ಈ ಆಟ ಯಾರಲ್ಲಿ ಹುಟ್ಟಿತೋ ಆ ಉತ್ತರ ಅಮೆರಿಕದ ಮೂಲನಿವಾಸಿಗಳ ತಂಡಕ್ಕೆ. ಅದೇ ಆಟ, ಚಾವಣಿ ಮಾತ್ರ ಬೇರೆ ಅಂತಾಗಿದ್ದರೆ ಫಲಿತಾಂಶ ಹೀಗೆ ತಲೆಕೆಳಗಾಗುತ್ತಿತ್ತೇ?

ಹಾಗಂತ ಒಂದರ ವಿದ್ಯೆ ಇನ್ನೊಂದಕ್ಕೆ ಉಪಯೋಗವಿಲ್ಲ ಅಂತಲ್ಲ. ಕೆನಡಾದ ಗ್ಯಾರಿ ಗೇಟ್ ಬೆಳೆದದ್ದು ಬಾಕ್ಸ್‌ನಲ್ಲಿ, ಆಮೇಲೆ ಸಿರಾಕ್ಯೂಸ್‌ಗೆ ಫೀಲ್ಡ್ ಆಡಲು ಹೋದರು. 1988ರ ಕಾಲೇಜು ಸೆಮಿಫೈನಲ್‌ನಲ್ಲಿ ಅವರು ಗೋಲಿನ ಹಿಂದಿನಿಂದ ಓಡಿಬಂದು, ಹಾರಿ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒಳಗೆ ತುರುಕಿದರು. ಇಕ್ಕಟ್ಟಿನಲ್ಲಿ ಪಳಗಿದ ಕೈಗೆ ಅಷ್ಟು ದೊಡ್ಡ ಗೋಲು ಕಂಡರೆ ಇನ್ನೇನು ಮಾಡೀತು? ಅಂದಹಾಗೆ, ಆ ಪಂದ್ಯ ನಡೆದದ್ದು ಅದೇ ಡೋಮ್‌ನಲ್ಲಿ, ಚಾವಣಿಯ ಕೆಳಗೆ.

ಕೊನೆಗೆ ಒಲಿಂಪಿಕ್ಸ್. ಅಲ್ಲಿ ಆಡುವ ಬಗೆಯ ಹೆಸರು ಸಿಕ್ಸಸ್. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಜನ, ಗೋಲಿಗೆ ಹೊಡೆಯಲು 30 ಸೆಕೆಂಡಿನ ಶಾಟ್ ಕ್ಲಾಕ್. ಇಷ್ಟು ಕೇಳಿದ್ದೇ ನಮ್ಮವರು ಬಾಕ್ಸ್ ಅಂದುಬಿಟ್ಟರು. ಆದರೆ ಇದು ಬಯಲಿನ ಆಟ: 70 ಮೀಟರ್ ಉದ್ದ, 36 ಮೀಟರ್ ಅಗಲ, ಸುತ್ತ ಬೋರ್ಡ್ ಇಲ್ಲ, ಗೆರೆ ದಾಟಿದರೆ ಚೆಂಡು ಹೊರಗೆ. ಗೋಲು ಫೀಲ್ಡ್‌ನ 6 ಅಡಿಯದ್ದೇ, ಗೋಲ್‌ಕೀಪರ್ ಕೂಡ ಫೀಲ್ಡ್‌ನವರಂತೆ ತೆಳ್ಳಗೆ. ಉದ್ದ ಕೋಲುಗಳನ್ನು ಮಾತ್ರ ತೆಗೆದುಹಾಕಿದ್ದಾರೆ. ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ಗೋಲಾದ ಮೇಲೆ ನಡುವಿಗೆ ಹೋಗಿ ಫೇಸ್‌-ಆಫ್, ಅಂದರೆ ಎರಡು ತಂಡದ ಒಬ್ಬೊಬ್ಬರು ಚೆಂಡಿಗಾಗಿ ಎದುರುಬದುರು ಸೆಣಸುವುದು, ಮಾಡುವುದಿಲ್ಲ, ಗೋಲ್‌ಕೀಪರ್ ಬಲೆಯಿಂದ ಚೆಂಡು ತೆಗೆದು ಕೂಡಲೇ ಆಟ ಮುಂದುವರಿಸುತ್ತಾನೆ. ಗೋಲಾಯಿತು ಅಂತ ಅತ್ತ ಕುಣಿಯುತ್ತಿದ್ದರೆ ಇತ್ತ ಇನ್ನೊಂದು ಗೋಲು ಆಗಿರುತ್ತದೆ.