ಬಂಗಾಳ ಕೊಲ್ಲಿಯ ಚಂಡಮಾರುತ, ಸಿಂಧನೂರಿನ ಭತ್ತ: ಮುನ್ಸೂಚನೆ ಬೆಳೆದು ಬಂದ ದಾರಿ

ನವೆಂಬರ್‌ನಲ್ಲಿ ಸಿಂಧನೂರು, ಕಾರಟಗಿ, ಸಿರುಗುಪ್ಪ ಭಾಗದಲ್ಲಿ ಭತ್ತ ಕಟಾವಿಗೆ ನಿಂತಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. ರಾಯಚೂರಿನಿಂದ ಮಚಲೀಪಟ್ಟಣದ ಕಡಲು ಸುಮಾರು 400 ಕಿ.ಮೀ. ಅಷ್ಟು ದೂರ ಬರುವಷ್ಟರಲ್ಲಿ ಗಾಳಿ ಸೋತಿರುತ್ತದೆ, ಮಳೆ ಸೋತಿರಬೇಕೆಂದೇನಿಲ್ಲ. ಕಟಾವು ಮಷಿನ್ ಇವತ್ತೇ ಕರೆಸಬೇಕೋ, ನಾಲ್ಕು ದಿನ ತಡೆಯಬೇಕೋ ಎಂದು ಕೇಳುವ ರೈತನಿಗೆ ಟಿವಿಯಲ್ಲಿ ಕಾಣುವುದು ಕರಾವಳಿಯ ಅಲೆಗಳು.

ಮುನ್ಸೂಚನೆ ಹುಟ್ಟಿದ್ದೇ ಕಡಲಿಗಾಗಿ. 1864ರ ಕಲ್ಕತ್ತ ಚಂಡಮಾರುತದ ಮರುವರ್ಷ ಬಂದರಿಗೆ ಎಚ್ಚರಿಕೆ ಕೊಡುವ ಪದ್ಧತಿ ಬಂತು, 1875ರಲ್ಲಿ ಹವಾಮಾನ ಇಲಾಖೆ. 1977ರಲ್ಲಿ ಆಂಧ್ರ ಕರಾವಳಿಯ ದಿವಿಸೀಮೆ, 1999ರಲ್ಲಿ ಒಡಿಶಾ ಸಾವಿರಾರು ಜೀವ ತೆತ್ತವು. 2013ರ ಫೈಲಿನ್ ಚಂಡಮಾರುತದ ಹೊತ್ತಿಗೆ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸುವಷ್ಟು ಲೆಕ್ಕ ಗಟ್ಟಿಯಾಗಿತ್ತು.

ಈಗಲೂ ಕಷ್ಟವಿರುವುದು ಹುಟ್ಟುವ ಹಂತದಲ್ಲಿ. ಸಮುದ್ರದ ನೀರು ಮೇಲಿಂದ ಸುಮಾರು 50 ಮೀಟರ್ ಆಳದವರೆಗೆ 26.5 ಡಿಗ್ರಿಗಿಂತ ಬೆಚ್ಚಗಿರಬೇಕು. ಭೂಮಧ್ಯರೇಖೆಯಿಂದ ಕನಿಷ್ಠ 5 ಡಿಗ್ರಿ ದೂರವಿರಬೇಕು, ಇಲ್ಲದಿದ್ದರೆ ಗಾಳಿ ಸುಳಿ ಕಟ್ಟುವುದಿಲ್ಲ. ನಡುಮಟ್ಟದ ಗಾಳಿಯಲ್ಲಿ ತೇವ ಬೇಕು. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕಿನ ಅಂತರ ಹೆಚ್ಚಿದ್ದರೆ ಮೋಡದ ರಾಶಿ ಒಂದು ಕಡೆಗೆ ಸರಿದು ಸುಳಿಯ ಕೇಂದ್ರ ಬರಿದಾಗುತ್ತದೆ. ಉಪಗ್ರಹ ಚಿತ್ರದಿಂದ ಬಲ ಅಳೆಯಲು 1970ರ ದಶಕದಿಂದ ಡ್ವೊರಾಕ್ ವಿಧಾನವಿದೆ. ಮೋಡದ ಪಟ್ಟಿ ಕೇಂದ್ರವನ್ನು ಸುಮಾರು ಅರ್ಧ ಸುತ್ತು ಬಳಸಿದ್ದರೆ ಆ ವಿಧಾನದ ಬಲದ ಅಂಕ ಟಿ 2.5, ಅಂದರೆ ಚಂಡಮಾರುತದ ಹೊಸ್ತಿಲು. ಆದರೆ ಮೊದಮೊದಲು ಕೇಂದ್ರವೇ ಸ್ಪಷ್ಟವಿರುವುದಿಲ್ಲ. ರಾತ್ರಿ ಶಾಖ ಗುರುತಿಸಿ ತೆಗೆಯುವ ಅವಗೆಂಪು (ಇನ್‌ಫ್ರಾರೆಡ್) ಚಿತ್ರದಲ್ಲಿ ಎತ್ತರದ ತೆಳುಮೋಡ ಅದನ್ನು ಮುಚ್ಚಿಬಿಡುತ್ತದೆ. ಕೇಂದ್ರ ಎಲ್ಲಿದೆ ಎಂಬಲ್ಲೇ ತಪ್ಪಿದರೆ ಐದನೇ ದಿನದ ಪಥ ನೂರಾರು ಕಿ.ಮೀ. ಆಚೀಚೆ ಹೋಗುತ್ತದೆ.

ಪಥದ ಲೆಕ್ಕ ಸುಧಾರಿಸಿದಷ್ಟು ಬಲದ ಲೆಕ್ಕ ಸುಧಾರಿಸಿಲ್ಲ. 2013ರ ನವೆಂಬರ್‌ನಲ್ಲಿ ಲೆಹರ್ ಅತಿ ತೀವ್ರ ಚಂಡಮಾರುತವಾಗಿ ಬಂದು, ಮಚಲೀಪಟ್ಟಣ ಮುಟ್ಟುವ ಹೊತ್ತಿಗೆ ಬರೀ ವಾಯುಭಾರ ಕುಸಿತವಾಗಿತ್ತು, ಅಂದರೆ ಚಂಡಮಾರುತಕ್ಕಿಂತ ಕೆಳಗಿನ ಹಂತ.

ಗಾಳಿ ಗಂಟೆಗೆ 62 ಕಿ.ಮೀ. ದಾಟಿದರೆ ಹೆಸರು, ಹೆಸರಾದ ಮೇಲೆ ಸುದ್ದಿ. ನಮ್ಮ ಭಾಗಕ್ಕೆ ಬೇಕಾದದ್ದು ಹೆಸರು ಬರುವ ಮುಂಚಿನ ಮತ್ತು ಗಾಳಿ ಸೋತ ಮೇಲಿನ ದಿನಗಳ ಸುದ್ದಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳನ್ನೂ ಮಂತ್ರಾಲಯವನ್ನೂ ಮುಳುಗಿಸಿದ ಮಳೆಗೆ ಚಂಡಮಾರುತದ ಹೆಸರೇ ಇರಲಿಲ್ಲ.

ಮುಂದಿನ ಏಳು ದಿನಗಳಲ್ಲಿ ವಾಯುಭಾರ ಕುಸಿತ ಹುಟ್ಟುವ ಸಂಭವವನ್ನು ಇಲಾಖೆ ದಿನವೂ ಪ್ರಕಟಿಸುತ್ತದೆ: ಶೇ 33ರವರೆಗೆ ಕಡಿಮೆ, 67ರವರೆಗೆ ಮಧ್ಯಮ, ಅದರಾಚೆ ಹೆಚ್ಚು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಬರುತ್ತದೆ, ಐದು ದಿನದ ಮಳೆಯ ಅಂದಾಜಿನೊಂದಿಗೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಸಂಭವ ಕಡಿಮೆ ಇದ್ದಾಗ ಹಸಿ ಭತ್ತ ಕೊಯ್ಯಿಸುವ ಅವಸರ ಬೇಡ, ತೇವ ಶೇ 17 ಮೀರಿದರೆ ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲ. ಸಂಭವ ಹೆಚ್ಚಾಗಿ, ವರದಿಯಲ್ಲಿ ಮಳೆಯೂ ಕಂಡರೆ, ಮಾಗಿದ ಗದ್ದೆಯ ನೀರು ಅವತ್ತೇ ಬಸಿದು ಮಷಿನ್ ಗೊತ್ತು ಮಾಡಬೇಕು. ಮಳೆ ಬಿದ್ದ ಮೇಲೆ ಟೈರ್ ಮಷಿನ್ ಹೂಳುತ್ತದೆ, ಚೈನ್ ಮಷಿನ್‌ಗೆ ಬಾಡಿಗೆ ಜಾಸ್ತಿ, ನೆಲಕ್ಕೊರಗಿದ ಭತ್ತ ಕೊಯ್ಯಲು ಮಷಿನ್‌ಗೆ ಬೇಕಾಗುವ ತಾಸೂ ಜಾಸ್ತಿ.