ಹೋಟೆಲ್ ಬಿಲ್ಲಿಗೆ ಸೇರಿಸಿದ ಸೇವಾ ಶುಲ್ಕವನ್ನು ಕೊಡಲೇಬೇಕೇ?

ಪ್ರಶ್ನೆ: ಮನೆಯವರೆಲ್ಲ ಸೇರಿ ಬೆಂಗಳೂರಿನ ರೆಸ್ಟೋರೆಂಟೊಂದಕ್ಕೆ ಊಟಕ್ಕೆ ಹೋಗಿದ್ದೆವು. ಬಿಲ್ಲಿನಲ್ಲಿ ಜಿಎಸ್‌ಟಿಯ ಜೊತೆಗೆ ಶೇ 10ರಷ್ಟು ‘ಸರ್ವಿಸ್ ಚಾರ್ಜ್’ ಕೂಡ ಸೇರಿಸಿದ್ದರು. ಕೇಳಿದರೆ, ‘ಇದು ಎಲ್ಲರಿಗೂ ಇರುವುದೇ, ಬಾಗಿಲಲ್ಲೇ ಬೋರ್ಡ್ ಹಾಕಿದ್ದೇವಲ್ಲ’ ಎಂದರು. ಇದನ್ನು ಕೊಡಲೇಬೇಕೇ? ಬೇರೆ ರಾಜ್ಯಕ್ಕೋ ವಿದೇಶಕ್ಕೋ ಪ್ರವಾಸ ಹೋದಾಗ ಏನು ಮಾಡಬೇಕು?

ಉತ್ತರ: ಕೊಡಲೇಬೇಕಾಗಿಲ್ಲ. ಭಾರತದ ಯಾವ ರಾಜ್ಯದಲ್ಲಾಗಲಿ, ಯಾವ ದರ್ಜೆಯ ಹೋಟೆಲಿನಲ್ಲಾಗಲಿ ಸೇವಾ ಶುಲ್ಕವೆಂಬುದು ಗ್ರಾಹಕರು ಮನಸ್ಸಿದ್ದರೆ ಕೊಡುವ ಹಣ. ಅದನ್ನು ಕೇಳದೆಯೇ ಬಿಲ್ಲಿಗೆ ಸೇರಿಸುವುದು ತಪ್ಪು, ಬಾಗಿಲಲ್ಲಿ ಬೋರ್ಡ್ ಹಾಕಿದ ಮಾತ್ರಕ್ಕೆ ಆ ತಪ್ಪು ಸರಿಯಾಗುವುದಿಲ್ಲ. ವಿದೇಶದ ವಿಚಾರ ಬೇರೆ, ಅಲ್ಲಿ ಒಂದೊಂದು ದೇಶದ್ದು ಒಂದೊಂದು ಪದ್ಧತಿ. ಆದರೆ ಎಲ್ಲಿಯೇ ಉಂಡರೂ ಬಿಲ್ಲಿನ ಪ್ರತಿಯೊಂದು ಸಾಲಿನ ಮುಂದೆ ‘ಈ ಹಣ ಯಾರ ಕೈ ಸೇರುತ್ತದೆ’ ಎಂದು ಕೇಳಿಕೊಂಡರೆ ಗೊಂದಲದ ಬಹುಪಾಲು ಅಲ್ಲಿಯೇ ಬಗೆಹರಿಯುತ್ತದೆ. ತೆರಿಗೆ ಸರ್ಕಾರಕ್ಕೆ ಹೋಗುತ್ತದೆ. ಸೇವಾ ಶುಲ್ಕ ಮಾಲೀಕರ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಸಿಬ್ಬಂದಿಗೆ ಎಷ್ಟು ಹಂಚಿಕೆಯಾಗುತ್ತದೆ ಎಂಬುದು ಊಟ ಮಾಡಿದವರಿಗೆ ತಿಳಿಯುವುದಿಲ್ಲ. ಬಡಿಸಿದವರ ಕೈಗೆ ನೇರವಾಗಿ ಹೋಗುವುದು ಟಿಪ್ಸ್ ಮಾತ್ರ.

ಒಂದು ಬಿಲ್ಲನ್ನೇ ಮುಂದಿಟ್ಟುಕೊಂಡು ನೋಡೋಣ. ನಾಲ್ವರ ಊಟಕ್ಕೆ ₹1,200 ಆಗಿದೆ ಎಂದುಕೊಳ್ಳಿ. ಅದರ ಕೆಳಗೆ, ಕೆಲವೊಮ್ಮೆ ‘ಎಸ್.ಸಿ.’ ಎಂಬ ಎರಡೇ ಅಕ್ಷರಗಳಲ್ಲಿ, ಶೇ 10ರ ಸೇವಾ ಶುಲ್ಕ ₹120. ಎರಡೂ ಸೇರಿದ ₹1,320ರ ಮೇಲೆ ಶೇ 2.5ರಂತೆ ಕೇಂದ್ರದ ಜಿಎಸ್‌ಟಿ ₹33, ರಾಜ್ಯದ ಜಿಎಸ್‌ಟಿ ₹33. ಒಟ್ಟು ₹1,386. ಸೇವಾ ಶುಲ್ಕ ಇಲ್ಲದಿದ್ದರೆ ಇದೇ ಬಿಲ್ ₹1,260ಕ್ಕೆ ನಿಲ್ಲುತ್ತಿತ್ತು. ಅಂದರೆ ಕೊಡಬೇಕಾಗಿಲ್ಲದ ₹120ರ ಜೊತೆಗೆ ಅದರ ಮೇಲಿನ ತೆರಿಗೆಯೆಂದು ಇನ್ನೂ ₹6 ಕೈಬಿಟ್ಟಿತು. ಹೀಗೆ ಸೇವಾ ಶುಲ್ಕವನ್ನು ಊಟದ ಬೆಲೆಗೆ ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವುದನ್ನೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ನಿಷೇಧಿಸಿದೆ.

ಈ ಮಾರ್ಗಸೂಚಿಯ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ‘ಕೋರ್ಟ್ ತಡೆ ಕೊಟ್ಟಿದೆ’ ಎಂಬ ಹಳೆಯ ಉತ್ತರ ಈಗಲೂ ಕೆಲವು ಕ್ಯಾಶ್ ಕೌಂಟರುಗಳಲ್ಲಿ ಕೇಳಿಬರುತ್ತದೆ. ಸೇವಾ ಶುಲ್ಕ ಐಚ್ಛಿಕವೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2017ರ ಏಪ್ರಿಲ್‌ನಲ್ಲೇ ಹೇಳಿತ್ತಾದರೂ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರವು 2022ರ ಜುಲೈ 4ರಂದು ಇದನ್ನೇ ಬಿಗಿಯಾದ ಮಾತುಗಳಲ್ಲಿ ಹೊರಡಿಸಿತು. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು, ಅದು ಐಚ್ಛಿಕವೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು, ಕೊಡುವುದಿಲ್ಲ ಎಂದವರಿಗೆ ಒಳಗೆ ಬರಲು ಅಥವಾ ಸೇವೆ ಪಡೆಯಲು ಅಡ್ಡಿ ಮಾಡಬಾರದು ಎಂಬುದು ಅದರ ತಿರುಳು. ಬಾಗಿಲಿನ ಬೋರ್ಡಿನ ವಾದ ಬಿದ್ದುಹೋಗುವುದು ಈ ಕೊನೆಯ ಅಂಶದ ಮುಂದೆಯೇ. ಹೋಟೆಲ್ ಉದ್ಯಮದ ಎರಡು ರಾಷ್ಟ್ರೀಯ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದಾಗ ಅದೇ ಜುಲೈ 20ರಂದು ಮಾರ್ಗಸೂಚಿಗೆ ತಡೆ ಸಿಕ್ಕಿದ್ದು ನಿಜ. ಆದರೆ 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಎರಡೂ ಅರ್ಜಿಗಳನ್ನು ವಜಾ ಮಾಡಿ, ಕಡ್ಡಾಯ ಸೇವಾ ಶುಲ್ಕವು ಅನುಚಿತ ವ್ಯಾಪಾರ ಪದ್ಧತಿ ಎಂದು ಮಾರ್ಗಸೂಚಿಯನ್ನು ಎತ್ತಿಹಿಡಿದರು. ಅರ್ಜಿದಾರ ಸಂಘಟನೆಗಳಿಗೆ ತಲಾ ₹1 ಲಕ್ಷ ವೆಚ್ಚವನ್ನೂ ವಿಧಿಸಿದರು. ಇದರ ವಿರುದ್ಧ ಮೇಲ್ಮನವಿ ವಿಭಾಗೀಯ ಪೀಠದ ಮುಂದೆ ಹೋಯಿತು. 2025ರ ಆಗಸ್ಟ್‌ನ ವಿಚಾರಣೆಯಲ್ಲಿ ಆ ಪೀಠವೇ, ₹20ರ ನೀರಿನ ಬಾಟಲಿಗೆ ₹100 ತೆಗೆದುಕೊಳ್ಳುವಾಗಲೇ ಸೇವೆಯ, ವಾತಾವರಣದ ಬೆಲೆ ಅದರಲ್ಲಿ ಸೇರಿರುವುದಿಲ್ಲವೇ, ಮತ್ತೆ ಬೇರೆ ಶುಲ್ಕ ಯಾವುದಕ್ಕೆ ಎಂಬ ಅರ್ಥದ ಪ್ರಶ್ನೆ ಹಾಕಿತು.

ಹೋಟೆಲಿನವರ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಟಿಪ್ಸ್ ಸಿಗುವುದು ಮೇಜಿನ ಬಳಿ ಬರುವ ಸಪ್ಲೈಯರಿಗೆ ಮಾತ್ರ, ಒಳಗೆ ದೋಸೆ ಹುಯ್ಯುವ ಭಟ್ಟರಿಗೂ ತಟ್ಟೆ ತೊಳೆಯುವವರಿಗೂ ಅದರಲ್ಲಿ ಪಾಲಿಲ್ಲ, ಸೇವಾ ಶುಲ್ಕವನ್ನಾದರೆ ಎಲ್ಲರಿಗೂ ಹಂಚಬಹುದು ಎನ್ನುತ್ತಾರೆ ಅವರು. ಹಂಚುವ ಮನಸ್ಸಿದ್ದರೆ ಹಂಚಲಿ. ಆದರೆ ಅದಕ್ಕೆ ನೇರವಾದ ದಾರಿಯೊಂದಿದೆ: ಊಟದ ಬೆಲೆಯನ್ನೇ ಅಷ್ಟು ಏರಿಸಿ ಮೆನುವಿನಲ್ಲಿ ಮುದ್ರಿಸುವುದು. ಬೆಲೆ ಎಷ್ಟಿರಬೇಕೆಂದು ಈ ಮಾರ್ಗಸೂಚಿ ಹೇಳುವುದಿಲ್ಲ. ₹300 ಎಂದು ಕಂಡ ತಿನಿಸಿಗೆ ಊಟ ಮುಗಿದ ಮೇಲೆ ₹330 ಎನ್ನುವುದನ್ನಷ್ಟೇ ಅದು ಒಪ್ಪುವುದಿಲ್ಲ. ಕೆಲವರು ಇದನ್ನೇ ‘ಸ್ಟಾಫ್ ಕಾಂಟ್ರಿಬ್ಯೂಷನ್’ ಎಂದು ಮುದ್ರಿಸುತ್ತಾರೆ. ಮೊಕದ್ದಮೆ ನಡೆಯುತ್ತಿದ್ದಾಗ, 2023ರಲ್ಲಿ, ಒಂದು ಸಂಘಟನೆಯ ಸದಸ್ಯರಿಗೆ ಈ ಹೆಸರು ಬಳಸುವಂತೆ ಮಧ್ಯಂತರ ಆದೇಶವಾಗಿತ್ತು. ಆಗಲೂ ಅದು ಶೇ 10 ಮೀರಬಾರದು ಮತ್ತು ಕಡ್ಡಾಯವಲ್ಲವೆಂದು ಎದ್ದು ಕಾಣುವಂತೆ ನಮೂದಿಸಬೇಕು ಎಂಬ ಷರತ್ತು ಇತ್ತು. ಹೆಸರು ಯಾವುದಾದರೂ ಕೊಡುವ ಬಿಡುವ ಆಯ್ಕೆ ನಿಮ್ಮದೇ.

ಇನ್ನು ತೆರಿಗೆ. ಅದನ್ನು ಬೇಡವೆನ್ನುವ ಹಾಗಿಲ್ಲ, ಆದರೆ ಸರಿಯಾಗಿದೆಯೇ ಎಂದು ನೋಡಬಹುದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇ 12, ಎ.ಸಿ. ಇದ್ದರೆ ಶೇ 18 ಇತ್ತು. ಅದೇ ವರ್ಷ ನವೆಂಬರ್ 15ರಿಂದ ಆ ಭೇದ ಹೋಗಿ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ 5 ಆಯಿತು. ಆದ್ದರಿಂದ ‘ಎ.ಸಿ. ಹಾಲಿನಲ್ಲಿ ಕುಳಿತರೆ ತೆರಿಗೆ ಜಾಸ್ತಿ’ ಎನ್ನುವ ಮಾತು ಈಗ ಸಲ್ಲದು, ಎ.ಸಿ. ಹಾಲಿಗೆ ಬೇರೆ ದರಪಟ್ಟಿ ಇಟ್ಟಿದ್ದರೆ ಅದು ಮಾಲೀಕರ ದರವೇ ಹೊರತು ಸರ್ಕಾರದ ತೆರಿಗೆಯಲ್ಲ. ದಿನದ ಕೋಣೆ ಬಾಡಿಗೆ ₹7,500 ಮೀರುವ ದೊಡ್ಡ ಹೋಟೆಲುಗಳ ಒಳಗಿರುವ ರೆಸ್ಟೋರೆಂಟುಗಳಲ್ಲಿ ಶೇ 18 ಇರುತ್ತದೆ. ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ಲೆಕ್ಕ ಆಯಾ ರಾಜ್ಯದ ತೆರಿಗೆಯದು.

ಬಿಲ್ಲಿನ ತಲೆಯಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ಗೋವಾಕ್ಕೆ 30, ಕೇರಳಕ್ಕೆ 32, ತಮಿಳುನಾಡಿಗೆ 33. ಸಂಖ್ಯೆಯೇ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಧಾರಾಳವಾಗಿ ಪ್ರಶ್ನಿಸಿ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ವಾರ್ಷಿಕ ವಹಿವಾಟು ₹1.5 ಕೋಟಿಯವರೆಗಿರುವ ಹೋಟೆಲುಗಳು ರಾಜಿ ತೆರಿಗೆ ಪದ್ಧತಿಯನ್ನು, ಅಂದರೆ ಕಾಂಪೊಸಿಷನ್ ಸ್ಕೀಮನ್ನು ಆರಿಸಿಕೊಳ್ಳಬಹುದು. ಅಂಥವರು ತೆರಿಗೆಯನ್ನು ತಮ್ಮ ಜೇಬಿನಿಂದ ಕಟ್ಟಬೇಕು, ಗ್ರಾಹಕರಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ತಾವು ಈ ಪದ್ಧತಿಯಲ್ಲಿದ್ದೇವೆಂದು ಅಂಗಡಿಯ ಫಲಕದಲ್ಲೂ ಬಿಲ್ಲಿನಲ್ಲೂ ಬರೆಯಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಿದರೆ ಆ ಹೋಟೆಲ್ ಯಾವ ಪದ್ಧತಿಯಲ್ಲಿದೆ ಎಂಬುದು ತಿಳಿಯುತ್ತದೆ.

ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ಗ್ರಾಹಕರ ಪಕ್ಷ ದುರ್ಬಲ. ಹೋಟೆಲಿನಲ್ಲಿ ಕುಳಿತು ಕುಡಿಯುವ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಬೆಲೆ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿ ಮಾರಾಟವಾಗುವುದು ಬರೀ ನೀರಲ್ಲ, ಅದರೊಂದಿಗೆ ಸೇವೆಯೂ ಸೇರಿದೆ ಎಂಬುದು ಅದಕ್ಕೆ ಕಾರಣ. ಕುಳಿತ ಕೂಡಲೇ ಸಪ್ಲೈಯರ್ ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತಾನೆ. ‘ಮಾಮೂಲಿ ನೀರು ಕೊಡಪ್ಪ’ ಎಂದು ಹೇಳುವುದಿದ್ದರೆ ಅದಕ್ಕೆ ಮೊದಲೇ ಹೇಳಬೇಕು.

ಸೇವಾ ಶುಲ್ಕ ಬೇಡವೆಂದು ಹೇಳುವುದಕ್ಕೂ ಒಂದು ಕ್ರಮವಿದೆ. ಹಣ ಕೊಡುವ ಮೊದಲು ಹೇಳಿ. ಬಿಲ್ ತಂದವರೊಡನೆ ವಾದಕ್ಕಿಳಿಯಬೇಡಿ, ಅದನ್ನು ಸೇರಿಸಿದವರು ಅವರಲ್ಲ. ಮ್ಯಾನೇಜರನ್ನು ಕರೆಸಿ, ‘ಸೇವಾ ಶುಲ್ಕ ತೆಗೆದು ಬೇರೆ ಬಿಲ್ ಕೊಡಿ’ ಎಂದರೆ ಸಾಕು. ದನಿ ಏರಿಸಬೇಕಾಗಿಲ್ಲ, ಕಾರಣ ಕೊಡಬೇಕಾಗಿಯೂ ಇಲ್ಲ. ನಾನು ಕಂಡಂತೆ ಹೆಚ್ಚಿನ ಕಡೆ ಇಷ್ಟಕ್ಕೇ ಹೊಸ ಬಿಲ್ ಮುದ್ರಿಸಿ ತರುತ್ತಾರೆ, ಕೇಳದವರಿಂದ ಬರುವ ಹಣವೇ ಅವರಿಗೆ ಸಾಕಷ್ಟಾಗುತ್ತದೆ. ಒಪ್ಪದಿದ್ದರೆ ಹಣ ಕೊಟ್ಟು ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕಾವು ತಗುಲಿದರೆ ಆ ಕಾಗದದ ಮೇಲಿನ ಅಕ್ಷರ ಅಳಿಸಿಹೋಗುವುದರಿಂದ ಅಲ್ಲಿಯೇ ಒಂದು ಫೋಟೊ ತೆಗೆದಿಡುವುದು ಒಳ್ಳೆಯದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ₹5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಆಯೋಗದಲ್ಲಿ ಶುಲ್ಕವಿಲ್ಲ.

ಸೇವಾ ಶುಲ್ಕವನ್ನು ನಿರಾಕರಿಸಿದವರು ಟಿಪ್ಸ್ ಕೊಡಬಾರದೆಂದೇನೂ ಇಲ್ಲ. ತೆಗೆಸಿದ ₹120ರಲ್ಲಿ ಅರ್ಧವನ್ನು ಬಡಿಸಿದವರ ಕೈಗಿಟ್ಟರೂ ಅದು ತಲುಪಬೇಕಾದವರಿಗೆ ತಲುಪಿದಂತೆಯೇ. ನಮ್ಮ ಕಡೆ ಇದಕ್ಕೆ ಶೇಕಡಾ ಲೆಕ್ಕವಿಲ್ಲ. ಕೂಪನ್ ತೆಗೆದುಕೊಂಡು ನಿಂತು ತಿನ್ನುವ ದರ್ಶಿನಿಗಳಲ್ಲಿ ಟಿಪ್ಸ್‌ನ ಪ್ರಶ್ನೆಯೇ ಏಳುವುದಿಲ್ಲ. ಕುಳಿತು ಉಣ್ಣುವ ಉಡುಪಿ ಹೋಟೆಲುಗಳಲ್ಲಿ ಸೋಂಪಿನ ಜೊತೆ ಬಿಲ್ ಬರುವ ಬಟ್ಟಲಿನಲ್ಲಿ ಹತ್ತೋ ಇಪ್ಪತ್ತೋ ಬಿಡುವುದು ರೂಢಿ. ಮೊಬೈಲಿನಲ್ಲೇ ಹಣ ಕೊಡುವುದು ಹೆಚ್ಚಾದ ಮೇಲೆ ಆ ಬಟ್ಟಲು ಬರಿದಾಗಿ ಹಿಂದಿರುಗುವುದೇ ಜಾಸ್ತಿ. ಹೋಟೆಲಿನ ಕ್ಯೂಆರ್ ಕೋಡಿಗೆ ಹೆಚ್ಚುವರಿ ಹಣ ಹಾಕಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆಂಬುದನ್ನು ನೆನಪಿಟ್ಟು, ಊಟಕ್ಕೆ ಹೊರಡುವಾಗ ಒಂದೆರಡು ಸಣ್ಣ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಬಹುದು.

ವಿದೇಶಕ್ಕೆ ಹೋದಾಗ ನಮ್ಮ ದೇಶದ ಈ ನಿಯಮವನ್ನು ಮುಂದೊಡ್ಡಿ ವಾದಿಸಲು ಬರುವುದಿಲ್ಲ. ಸಿಂಗಪುರದ ಮೆನುಗಳಲ್ಲಿ ಬೆಲೆಯ ಪಕ್ಕ ಎರಡು ಕೂಡುವ ಚಿಹ್ನೆಗಳಿದ್ದರೆ ಮೊದಲನೆಯದು ಶೇ 10 ಸೇವಾ ಶುಲ್ಕ, ಎರಡನೆಯದು ಶೇ 9 ಜಿಎಸ್‌ಟಿ. 20 ಡಾಲರಿನ ತಿನಿಸು ಕೊನೆಗೆ 23.98 ಡಾಲರ್ ಆಗುತ್ತದೆ. ಅಲ್ಲಿ ಇದು ಬೆಲೆಯ ಭಾಗವೇ, ಇದರ ಮೇಲೆ ಟಿಪ್ಸ್ ಯಾರೂ ನಿರೀಕ್ಷಿಸುವುದಿಲ್ಲ. ಸಾಲು ಅಂಗಡಿಗಳಿರುವ ಹಾಕರ್ ಸೆಂಟರುಗಳಲ್ಲಿ ಸೇವಾ ಶುಲ್ಕವಿರುವುದಿಲ್ಲ. ಫ್ರಾನ್ಸಿನಲ್ಲಿ ಮೆನುವಿನ ಬೆಲೆಯಲ್ಲೇ ತೆರಿಗೆ, ಸೇವೆ ಎರಡೂ ಸೇರಿರುತ್ತವೆ, ಊಟದ ಜೊತೆ ಹೂಜಿಯಲ್ಲಿ ಕೇಳಿದ ನಲ್ಲಿ ನೀರಿಗೆ ಹಣವಿಲ್ಲ. ಇಟಲಿಯಲ್ಲಿ ‘ಕೋಪೆರ್ತೊ’ ಎಂದು ತಲೆಗೆ ಇಷ್ಟು ಯೂರೋ ಹಾಕುವುದುಂಟು, ಅದು ಟಿಪ್ಸ್ ಅಲ್ಲ, ಮೇಜಿನಲ್ಲಿ ಕುಳಿತದ್ದಕ್ಕೆ. ಲಂಡನ್ನಿನಲ್ಲಿ ಸಾಮಾನ್ಯವಾಗಿ ಶೇ 12.5 ಸೇರಿಸಿ ‘ಐಚ್ಛಿಕ’ ಎಂದು ಬರೆದಿರುತ್ತಾರೆ, ಬೇಡವೆಂದರೆ ತೆಗೆಯುತ್ತಾರೆ. ಆದರೆ ಟಿಪ್ಸ್ ಮತ್ತು ಸೇವಾ ಶುಲ್ಕದ ಹಣವನ್ನು ಮಾಲೀಕರು ಮುಟ್ಟದೆ ಪೂರ್ತಿಯಾಗಿ ಸಿಬ್ಬಂದಿಗೆ ಹಂಚಬೇಕೆಂಬ ಕಾನೂನು ಅಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವುದರಿಂದ, ಊಟ ಚೆನ್ನಾಗಿದ್ದರೆ ಅಲ್ಲಿ ಕೊಟ್ಟುಬಿಡುವುದೇ ನ್ಯಾಯವೆಂದು ನನಗನ್ನಿಸುತ್ತದೆ.

ಜಪಾನಿನಲ್ಲಿ ಟಿಪ್ಸ್ ಇಟ್ಟು ಬಂದರೆ ಮರೆತು ಹೋದಿರೆಂದು ಹಿಂದೆಯೇ ಓಡಿ ಬಂದು ಕೊಡುವುದುಂಟು. ಆದರೆ ‘ಇಝಕಾಯ’ ಎಂಬ ಅಲ್ಲಿನ ಪಾನಗೃಹಗಳಲ್ಲಿ ಕುಳಿತ ಕೂಡಲೇ, ಕೇಳದೆಯೇ, ಚಿಕ್ಕ ಬಟ್ಟಲಿನಲ್ಲಿ ‘ಓತೋಶಿ’ ಎಂಬ ತಿನಿಸು ಬರುತ್ತದೆ. ಅದು ಪುಕ್ಕಟೆಯಲ್ಲ, ಕೆಲವು ನೂರು ಯೆನ್ ಬಿಲ್ಲಿಗೆ ಸೇರುತ್ತದೆ. ಅದರಲ್ಲಿ ಮೀನು ಇರುವ ಸಾಧ್ಯತೆ ಹೆಚ್ಚಾದ್ದರಿಂದ ಸಸ್ಯಾಹಾರಿಗಳು ಬಾಯಿಗಿಡುವ ಮೊದಲು ವಿಚಾರಿಸಬೇಕು.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಿಗೆ ಅತಿ ಹೆಚ್ಚು ಮುಜುಗರ ತರುವುದು ಅಲ್ಲಿನ ಟಿಪ್ಸ್. ಹೆಸರಿಗೆ ಅದೂ ಐಚ್ಛಿಕವೇ, ಆದರೂ ಕುಳಿತು ಉಂಡ ಮೇಲೆ ಶೇ 15ರಿಂದ 20ರಷ್ಟು ಬಿಡದೆ ಏಳುವುದು ಅಲ್ಲಿ ಅವಮಾನ ಮಾಡಿದಂತೆ. ಕಾರಣ ಅಲ್ಲಿನ ಕೂಲಿಯ ಲೆಕ್ಕದಲ್ಲಿದೆ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್ ಮಾತ್ರ, 1991ರಿಂದ ಅದು ಬದಲಾಗಿಲ್ಲ. ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರಿಗೆ ಉಳಿದದ್ದು ಗ್ರಾಹಕರ ಟಿಪ್ಸ್‌ನಿಂದ ತುಂಬಬೇಕು, ಅದು ಸಾಲದೆ ಹೋದರೆ ಮಾತ್ರ ಕೊರತೆಯನ್ನು ಮಾಲೀಕರು ಕಟ್ಟಿಕೊಡಬೇಕು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಟಿಪ್ಸ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ತಿ ಕನಿಷ್ಠ ಕೂಲಿಯನ್ನೇ ಕೊಡಬೇಕೆಂಬ ನಿಯಮವಿದ್ದರೂ ರೂಢಿ ಮಾತ್ರ ಹಾಗೆಯೇ ಉಳಿದಿದೆ. ಹತ್ತು ಜನ ಒಟ್ಟಿಗೆ ಹೋದಾಗ ಅಲ್ಲಿನ ಅನೇಕ ರೆಸ್ಟೋರೆಂಟುಗಳು ಶೇ 18ರಷ್ಟನ್ನು ತಾವೇ ಸೇರಿಸಿ, ಅದರ ಕೆಳಗೆ ‘ಟಿಪ್’ ಎಂಬ ಖಾಲಿ ಸಾಲನ್ನೂ ಬಿಟ್ಟಿರುತ್ತವೆ. ಮೇಲಿನ ಸಾಲನ್ನು ಓದದವರು ಕೆಳಗಿನದನ್ನೂ ತುಂಬಿ ಎರಡು ಸಲ ಕೊಟ್ಟು ಬರುತ್ತಾರೆ. ಮೇಲೆ ಶೇ 18 ಸೇರಿದ್ದರೆ ಕೆಳಗಿನ ಸಾಲಿನಲ್ಲಿ ಒಂದು ಗೀಟೆಳೆದು, ಒಟ್ಟು ಮೊತ್ತವನ್ನು ನೀವೇ ಬರೆದು ಸಹಿ ಮಾಡಿದರಾಯಿತು.