ಪದ ಪರಿಚಯ: ಅನ್ಯಗ್ರಹ ದಾಳಿಯ ಅಣಕು ಚಿತ್ರ

1987ರ ಸೆಪ್ಟೆಂಬರ್ 21ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾಷಣ ಮಾಡುತ್ತಿದ್ದರು. ಬೇರೆ ಲೋಕದ ಜೀವಿಗಳಿಂದ ಅಪಾಯ ಎದುರಾದರೆ ಜಗತ್ತಿನ ದೇಶಗಳ ನಡುವಿನ ಜಗಳಗಳೆಲ್ಲ ಎಷ್ಟು ಬೇಗ ಕರಗಿಹೋದಾವು ಎಂದು ತಾವು ಆಗಾಗ ಯೋಚಿಸುವುದುಂಟು ಎಂದು ಅಲ್ಲಿ ಹೇಳಿದರು. ಹಾಲಿವುಡ್ ಆ ಹೊತ್ತಿಗೆ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಇದೇ ನಂಬಿಕೆಯನ್ನು ಕಥೆ ಕಟ್ಟಿ ಮಾರುತ್ತಿತ್ತು. ಹಾರುವ ತಟ್ಟೆ ಬಂದಿಳಿಯುತ್ತದೆ, ಊರು ಉರಿಯುತ್ತದೆ, ವಿಜ್ಞಾನಿ ಉಪಾಯ ಹುಡುಕುತ್ತಾನೆ, ಸೇನಾಧಿಕಾರಿ ಎದೆಯೊಡ್ಡುತ್ತಾನೆ, ಅಧ್ಯಕ್ಷರು ಧೈರ್ಯ ತುಂಬುತ್ತಾರೆ, ಕೊನೆಗೆ ಬಾವುಟ ಹಾರುತ್ತದೆ. ಈ ಕಥೆಯನ್ನು ಹಾಗೆಯೇ ಎತ್ತಿಕೊಂಡು, ಅದರೊಳಗಿನ ನಂಬಿಕೆಯನ್ನು ಮಾತ್ರ ಬುಡಮೇಲು ಮಾಡುವ ಸಿನಿಮಾಕ್ಕೆ ಅನ್ಯಗ್ರಹ ದಾಳಿಯ ಅಣಕು ಚಿತ್ರ ಎನ್ನುತ್ತಾರೆ.

ಇಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು ಅಣಕ: ಹಳೆಯ ಚಿತ್ರಗಳ ತಟ್ಟೆ, ಅದನ್ನು ತೂಗುಹಾಕಿದ ತಂತಿ, ಸಂಗೀತ, ಪೈಪು ಸೇದುವ ಪ್ರಾಧ್ಯಾಪಕ, ಬಾಂಬು ಹಾಕೋಣ ಎಂದು ಗುಡುಗುವ ಜನರಲ್, ಇವರನ್ನೆಲ್ಲ ಬೇಕೆಂದೇ ಉತ್ಪ್ರೇಕ್ಷೆ ಮಾಡಿ ಮತ್ತೆ ತೋರಿಸುವುದು. ಇನ್ನೊಂದು ವಿಡಂಬನೆ: ಆ ಪಾತ್ರಗಳ ಹಿಂದೆ ನಿಂತಿರುವ ನಿಜವಾದ ಸಂಸ್ಥೆಗಳನ್ನು, ಅಂದರೆ ಶ್ವೇತಭವನ, ಸೇನೆ, ಸಂಸತ್ತು, ಟಿವಿ, ಮಾರುಕಟ್ಟೆಗಳನ್ನು ಚುಚ್ಚುವುದು. ಮೊದಲನೆಯದಷ್ಟೇ ಇದ್ದರೆ ಎರಡು ಗಂಟೆ ನಕ್ಕು ಎದ್ದು ಬರಬಹುದು. ಎರಡೂ ಕೂಡಿದಾಗ ಮಾತ್ರ ಈ ಪ್ರಕಾರಕ್ಕೆ ತೂಕ ಬರುತ್ತದೆ. ಅಂಥ ಚಿತ್ರಗಳಲ್ಲಿ ದಾಳಿಗೆ ಬರುವ ಮಂಗಳ ಗ್ರಹದವರು ಬರೀ ನೆಪ. ಅವರು ಬಂದಾಗ ಅಮೆರಿಕ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಕಥೆ.

ಈ ಕಥೆಯ ಬೇರಿನಲ್ಲಿಯೇ ಆತ್ಮವಿಮರ್ಶೆ ಇತ್ತು ಎಂಬುದನ್ನು ಮರೆಯುವಂತಿಲ್ಲ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಮಂಗಳದವರ ದಾಳಿಯ ಕಾದಂಬರಿಯನ್ನು 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮಂಗಳದವರನ್ನು ಕ್ರೂರಿಗಳೆಂದು ಜರೆಯುವ ಮೊದಲು ಯುರೋಪಿನಿಂದ ವಲಸೆ ಹೋದವರು ಆಸ್ಟ್ರೇಲಿಯಾ ಬಳಿಯ ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳಿಗೆ ಮಾಡಿದ್ದನ್ನು ನೆನಪಿಸಿಕೊಳ್ಳಿ ಎಂದು ಮೊದಲ ಅಧ್ಯಾಯದಲ್ಲೇ ಅವರು ಓದುಗರಿಗೆ ಹೇಳುತ್ತಾರೆ. ಸಾಮ್ರಾಜ್ಯ ಉತ್ತುಂಗದಲ್ಲಿದ್ದ ಕಾಲದಲ್ಲಿ ಲಂಡನ್ನಿನ ಓದುಗನಿಗೆ ಹಾಗೆ ಹೇಳಲು ಎದೆಗಾರಿಕೆ ಬೇಕಿತ್ತು. ಅಮೆರಿಕದ ಸಿನಿಮಾ ಆ ಕಥೆಯನ್ನು ಎರವಲು ಪಡೆದಾಗ ದಾಳಿಯನ್ನು ಉಳಿಸಿಕೊಂಡಿತು, ಆ ಮಾತನ್ನು ಬಿಟ್ಟಿತು. 1947ರ ಜೂನ್‌ನಲ್ಲಿ ಕೆನೆತ್ ಆರ್ನಲ್ಡ್ ಎಂಬ ವಿಮಾನ ಚಾಲಕ ಅಮೆರಿಕದ ಮೌಂಟ್ ರೇನಿಯರ್ ಪರ್ವತದ ಬಳಿ ವಿಚಿತ್ರ ವಸ್ತುಗಳು ಹಾರುವುದನ್ನು ಕಂಡೆನೆಂದ ಮೇಲೆ ಹಾರುವ ತಟ್ಟೆ ಎಂಬ ಮಾತು ಪತ್ರಿಕೆಗಳಲ್ಲಿ ಮನೆಮಾತಾಯಿತು. ಶೀತಲ ಸಮರದ ಭಯವೂ ಅದಕ್ಕೆ ಸೇರಿಕೊಂಡಿತು. 1956ರ ಒಂದು ಚಿತ್ರದಲ್ಲಂತೂ ತಟ್ಟೆಗಳು ವಾಷಿಂಗ್ಟನ್ ಸ್ಮಾರಕಕ್ಕೂ ಸಂಸತ್ ಭವನದ ಗುಮ್ಮಟಕ್ಕೂ ಬಂದು ಅಪ್ಪಳಿಸುತ್ತವೆ.

ಈ ಪ್ರಕಾರದ ಅಚ್ಚುಮೆಚ್ಚಿನ ಉದಾಹರಣೆ ಟಿಮ್ ಬರ್ಟನ್ ನಿರ್ದೇಶನದ ‘ಮಾರ್ಸ್ ಅಟ್ಯಾಕ್ಸ್!’. ಅದು ತೆರೆಕಂಡದ್ದು 1996ರ ಡಿಸೆಂಬರ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ‘ಇಂಡಿಪೆಂಡೆನ್ಸ್ ಡೇ’ ಬಂದು ಭರ್ಜರಿ ಗಳಿಕೆ ಮಾಡಿದ್ದರಿಂದ, ಬರ್ಟನ್ ಅದನ್ನೇ ಅಣಕಿಸಿದರೆಂದು ಇಂದಿಗೂ ಹಲವರು ಬರೆಯುತ್ತಾರೆ. ಅದು ಸರಿಯಲ್ಲ. ಆ ಚಿತ್ರ ಬಿಡುಗಡೆಯಾಗುವ ಮೊದಲೇ ಇದರ ಚಿತ್ರಕಥೆ ಸಿದ್ಧವಾಗಿತ್ತು. ಇದರ ಮೂಲ ಇರುವುದು 1962ರಲ್ಲಿ ಟಾಪ್ಸ್ ಕಂಪನಿ ಬಬಲ್‌ಗಮ್ ಜೊತೆ ಮಾರಿದ 55 ಚಿತ್ರ ಕಾರ್ಡುಗಳಲ್ಲಿ. ರಕ್ತ, ಬೆಂಕಿ, ಅಸ್ಥಿಪಂಜರಗಳಿಂದ ತುಂಬಿದ್ದ ಆ ಕಾರ್ಡುಗಳನ್ನು ಕಂಡು ಹಿರಿಯರು ತಕರಾರು ತೆಗೆದಿದ್ದರು. ಮಿದುಳು ಹೊರಗೆ ಕಾಣುವ, ಗಾಜಿನ ಶಿರಸ್ತ್ರಾಣ ತೊಟ್ಟ ಮಂಗಳದವರು ಬಂದದ್ದು ಆ ಕಾರ್ಡುಗಳಿಂದಲೇ.

ನೆವಾಡಾದ ಮರುಭೂಮಿಯಲ್ಲಿರುವ ಪಾರಂಪ್ ಎಂಬಲ್ಲಿ ತಟ್ಟೆ ಇಳಿಯುವ ದೃಶ್ಯವನ್ನು ನೋಡಿ. ಕೆಂಪು ಹಾಸು, ಸೈನಿಕರು, ಟಿವಿ ಕ್ಯಾಮೆರಾಗಳು, ಕುತೂಹಲಕ್ಕೆ ಬಂದ ಜನ. ತಾವು ಶಾಂತಿಗಾಗಿ ಬಂದಿದ್ದೇವೆ ಎನ್ನುತ್ತಾರೆ ಮಂಗಳದವರು. ಭಾಷಾಂತರ ಯಂತ್ರ ಅದನ್ನು ಇಂಗ್ಲಿಷಿಗೆ ತರುತ್ತದೆ. ಗುಂಪಿನಲ್ಲಿದ್ದ ಒಬ್ಬ ಸಂತೋಷ ತಡೆಯಲಾರದೆ ಪಾರಿವಾಳವನ್ನು ಹಾರಿಬಿಡುತ್ತಾನೆ. ಮಂಗಳದವನು ಅದನ್ನು ಸುಟ್ಟುಹಾಕುತ್ತಾನೆ, ಆಮೇಲೆ ಎದುರಿದ್ದ ಜನರಲ್‌ನನ್ನು, ಆಮೇಲೆ ಸಿಕ್ಕಸಿಕ್ಕವರನ್ನು. ಇಷ್ಟಾದ ಮೇಲೂ ಅಧ್ಯಕ್ಷರಿಗೆ ಸಲಹೆ ಕೊಡುವ ವಿಜ್ಞಾನಿ ಪ್ರಾಧ್ಯಾಪಕರು ಸಮಾಧಾನದ ವಿವರಣೆ ಕೊಡುತ್ತಾರೆ: ಪಾರಿವಾಳಕ್ಕೆ ಅವರ ಸಂಸ್ಕೃತಿಯಲ್ಲಿ ಬೇರೆ ಅರ್ಥವಿರಬಹುದು. ಅಧ್ಯಕ್ಷರಿಗೂ ಆ ವಿವರಣೆ ಬೇಕಾಗಿದೆ. ಮಂಗಳದವರು ಕ್ಷಮೆ ಕೇಳಿದಾಗ ಅವರನ್ನು ಸಂಸತ್ತಿಗೇ ಕರೆಸುತ್ತಾರೆ. ಸಂಸತ್ತೂ ಸುಟ್ಟುಹೋಗುತ್ತದೆ. ಆಗ ಅಧ್ಯಕ್ಷರು ದೇಶದ ಜನತೆಗೆ ಕೊಡುವ ಭರವಸೆ ಏನೆಂದರೆ, ಸರ್ಕಾರದ ಮೂರು ಅಂಗಗಳಲ್ಲಿ ಎರಡು ಇನ್ನೂ ಕೆಲಸ ಮಾಡುತ್ತಿವೆ, ಅದೇನೂ ಕಡಿಮೆಯಲ್ಲ!

ನನಗೆ ಇದು ಇಡೀ ಚಿತ್ರದ ಅತ್ಯಂತ ನಿಖರವಾದ ಏಟು ಎನಿಸುತ್ತದೆ. ಎದುರಿಗಿರುವವನು ಯಾರು, ಅವನಿಗೆ ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನೇ ಅವನಲ್ಲಿ ಕಾಣುತ್ತಾರೆ. ವಿಜ್ಞಾನಿಗೆ ಮುಂದುವರಿದ ನಾಗರಿಕತೆ ಕಾಣುತ್ತದೆ, ಜನರಲ್‌ಗೆ ಗುರಿ, ಟಿವಿಯವರಿಗೆ ಸುದ್ದಿ, ಜಮೀನು ವ್ಯಾಪಾರಿಗೆ ಗಿರಾಕಿ. ಅಧ್ಯಕ್ಷರ ಪತ್ನಿಗಂತೂ ಮಂಗಳದವರು ಶ್ವೇತಭವನಕ್ಕೆ ಊಟಕ್ಕೆ ಬಂದರೆ ಹಳೆಯ ಅಧ್ಯಕ್ಷರ ಕಾಲದ ಪಿಂಗಾಣಿ ತಟ್ಟೆಗಳ ಗತಿ ಏನೆಂಬ ಚಿಂತೆ. ಕೊನೆಗೆ ಆಕೆ ಸಾಯುವುದು ಅಧ್ಯಕ್ಷ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ ಹೆಸರಿನ ತೂಗುದೀಪ ಮೇಲೆ ಬಿದ್ದು. ಇತ್ತ ಬೀದಿಗಳಲ್ಲಿ ಮಂಗಳದವರು ಕಂಡಕಂಡವರನ್ನು ಸುಡುತ್ತ ನಡೆಯುತ್ತಾರೆ, ಅವರ ಕೈಯಲ್ಲಿರುವ ಯಂತ್ರ ‘ಓಡಬೇಡಿ, ನಾವು ನಿಮ್ಮ ಸ್ನೇಹಿತರು’ ಎಂದು ಕೂಗುತ್ತಲೇ ಇರುತ್ತದೆ. ಶಾಂತಿ, ಸ್ನೇಹ ಎಂಬ ಮಾತುಗಳನ್ನು ಬಾಂಬಿನ ಜೊತೆಯಲ್ಲೇ ಕೇಳಿದ ದೇಶಗಳ ಜನರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಕ್ಷನ ಪಾತ್ರ ಮಾಡಿರುವ ಜಾಕ್ ನಿಕಲ್ಸನ್ ಅವರೇ ಲಾಸ್ ವೇಗಸ್‌ನ ದುರಾಸೆಯ ಹೋಟೆಲ್ ವ್ಯಾಪಾರಿಯ ಪಾತ್ರವನ್ನೂ ಮಾಡಿದ್ದಾರೆ. ಒಬ್ಬ ದೇಶ ನಡೆಸುತ್ತಾನೆ, ಇನ್ನೊಬ್ಬ ಜೂಜುಕಟ್ಟೆ. ಇಬ್ಬರ ಮುಖವೂ ಒಂದೇ ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅಧ್ಯಕ್ಷನ ಕೊನೆಯ ಭಾಷಣದಲ್ಲಿ ನಾವೆಲ್ಲ ಹೊಂದಿಕೊಂಡು ಬಾಳಬಾರದೇಕೆ ಎಂಬ ಮಾತು ಬರುತ್ತದೆ. 1992ರ ಲಾಸ್ ಏಂಜಲೀಸ್ ಗಲಭೆಯ ಹೊತ್ತಿನಲ್ಲಿ, ಪೊಲೀಸರಿಂದ ಏಟು ತಿಂದಿದ್ದ ಕಪ್ಪು ಜನಾಂಗದ ರಾಡ್ನಿ ಕಿಂಗ್ ಟಿವಿಯ ಮುಂದೆ ಕೇಳಿದ್ದು ಇದೇ ಧಾಟಿಯ ಪ್ರಶ್ನೆ. ಕಿಂಗ್ ಬಾಯಲ್ಲಿ ಅದು ನೋವಿನ ಮಾತು. ಅಧಿಕಾರಸ್ಥನ ಬಾಯಲ್ಲಿ ಅದೇ ಮಾತು ಭಾಷಣದ ಅಲಂಕಾರ. ಮಂಗಳದವನು ಅದನ್ನು ಕೇಳಿ ಕಣ್ಣೀರು ಹಾಕಿ, ಕೈ ಚಾಚಿ, ಅವನನ್ನು ಕೊಲ್ಲುತ್ತಾನೆ.

ಹಾಗಾದರೆ ಉಳಿಯುವವರು ಯಾರು? ಕ್ಯಾನ್ಸಸ್‌ನ ವೃದ್ಧಾಶ್ರಮದಲ್ಲಿ ಮನೆಯವರು ಬಿಟ್ಟುಹೋದ ಅಜ್ಜಿ. ಅವಳನ್ನು ಮರೆಯದ, ಡೋನಟ್ ಅಂಗಡಿಯಲ್ಲಿ ಕೆಲಸ ಮಾಡುವ ಮೊಮ್ಮಗ. ಹೊಟ್ಟೆಪಾಡಿಗಾಗಿ ಕ್ಯಾಸಿನೋದಲ್ಲಿ ಈಜಿಪ್ಟಿನ ವೇಷ ಹಾಕಿ ನಿಲ್ಲುವ, ಹಿಂದೊಮ್ಮೆ ಬಾಕ್ಸರ್ ಆಗಿದ್ದ ಕಪ್ಪು ಮನುಷ್ಯ. ಬಸ್ ಓಡಿಸುವ ಅವನ ಮಾಜಿ ಹೆಂಡತಿ, ವಿಡಿಯೊ ಗೇಮ್ ಆಡುತ್ತಿದ್ದ ಅವರ ಇಬ್ಬರು ಗಂಡುಮಕ್ಕಳು. ಅಣುಬಾಂಬನ್ನು ಮಂಗಳದವರು ಹೊಗೆಯಂತೆ ಒಳಗೆಳೆದುಕೊಂಡು ನಗುತ್ತಾರೆ. ಅವರನ್ನು ಕೊಲ್ಲುವುದು ಅಜ್ಜಿ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಗಾಯಕ ಸ್ಲಿಮ್ ವಿಟ್‌ಮನ್ ಅವರ ಹಳೆಯ ಹಾಡು. ಆ ಎಳೆದ ದನಿ ಕಿವಿಗೆ ಬಿದ್ದೊಡನೆ ಅವರ ಮಿದುಳು ಸಿಡಿಯುತ್ತದೆ. ಜಗತ್ತಿನ ಅತಿ ದುಬಾರಿ ಸೇನೆಯ ಕೈಲಾಗದ್ದನ್ನು ಯಾರೂ ಲೆಕ್ಕಕ್ಕಿಡದ ಮುದುಕಿಯ ಹಾಡು ಮಾಡಿತು. ಬರ್ಟನ್ ಅವರ ಮನಸ್ಸು ಎಲ್ಲಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವಿಲ್ಲ. ಪಾತ್ರಗಳು ವಿಪರೀತ ಹೆಚ್ಚಾಗಿ ಚಿತ್ರದ ನಡುಭಾಗ ಜಗ್ಗುತ್ತದೆ ಎಂಬುದು ನಿಜ. ಆದರೂ ಈ ಆಯ್ಕೆಗಾಗಿ ಅದನ್ನು ನಾನು ಕ್ಷಮಿಸುತ್ತೇನೆ. ಅಮೆರಿಕದ ಪ್ರೇಕ್ಷಕರು ಮಾತ್ರ ಕೈಹಿಡಿಯಲಿಲ್ಲ. ಅಲ್ಲಿನ ಗಳಿಕೆ 4 ಕೋಟಿ ಡಾಲರನ್ನೂ ಮುಟ್ಟಲಿಲ್ಲ.

ಭಾರತದ ಪ್ರೇಕ್ಷಕರು ಗಮನಿಸಬೇಕಾದ ಒಂದು ಕ್ಷಣವೂ ಇದರಲ್ಲಿದೆ. ತಾಜ್ ಮಹಲ್ ಸಿಡಿಯುವಾಗ ಅದರ ಮುಂದೆ ನಿಂತು ಮಂಗಳದವರು ಫೋಟೊ ತೆಗೆಸಿಕೊಳ್ಳುತ್ತಾರೆ. ನೋವಾಗುವ ದೃಶ್ಯವೇ ಹೌದು. ಆದರೆ ಅಲ್ಲಿ ಗೇಲಿಗೆ ಒಳಗಾಗಿರುವುದು ಪರದೇಶದ ಹೆಮ್ಮೆಯನ್ನು ಹಿನ್ನೆಲೆ ಪರದೆಯಾಗಿಸಿಕೊಳ್ಳುವ ಪ್ರವಾಸಿಯ ಚಾಳಿ ಎಂದೇ ನಾನು ಓದಿಕೊಳ್ಳುತ್ತೇನೆ.

ದಾಳಿ ಯುದ್ಧದ ರೂಪದಲ್ಲೇ ಬರಬೇಕೆಂದಿಲ್ಲ. ಜಾನ್ ಕಾರ್ಪೆಂಟರ್ ಅವರ ‘ದೆ ಲಿವ್’ (1988) ಚಿತ್ರದಲ್ಲಿ ಅನ್ಯಲೋಕದವರು ಆಗಲೇ ಬಂದು ನೆಲೆಯೂರಿದ್ದಾರೆ, ಶ್ರೀಮಂತರ ವೇಷದಲ್ಲಿ ಓಡಾಡಿಕೊಂಡಿದ್ದಾರೆ. ಕೆಲಸ ಹುಡುಕಿಕೊಂಡು ಲಾಸ್ ಏಂಜಲೀಸ್‌ಗೆ ಬಂದ ಕೂಲಿಗಾರನಿಗೆ ಒಂದು ಕಪ್ಪು ಕನ್ನಡಕ ಸಿಗುತ್ತದೆ. ಅದನ್ನು ಹಾಕಿ ನೋಡಿದರೆ ಜಾಹೀರಾತು ಫಲಕಗಳಲ್ಲಿ ‘ವಿಧೇಯನಾಗಿರು’, ‘ಕೊಳ್ಳು’ ಎಂಬ ಆಜ್ಞೆಗಳು, ನೋಟಿನ ಮೇಲೆ ‘ಇದೇ ನಿನ್ನ ದೇವರು’ ಎಂಬ ಬರಹ. ಗುಡಿಸಲುಗಳ ಮೇಲೆ ಪೊಲೀಸರು ಬುಲ್ಡೋಜರ್ ಹತ್ತಿಸುವ ದೃಶ್ಯಕ್ಕೆ ಮಾತ್ರ ಕನ್ನಡಕವೇ ಬೇಕಿಲ್ಲ. ನಗೆ ಕಡಿಮೆ, ಸಿಟ್ಟು ಹೆಚ್ಚು ಇರುವುದರಿಂದ ಇದು ಅಣಕಕ್ಕಿಂತ ವಿಡಂಬನೆಗೇ ಹತ್ತಿರ. ನಮ್ಮ ನಡುವೆ ಅಡಗಿರುವ ಶತ್ರು ಎಂಬ ಕಲ್ಪನೆ ದುರ್ಬಳಕೆಗೂ ಸುಲಭ. ಯೆಹೂದ್ಯರನ್ನು ದ್ವೇಷಿಸುವ ಗುಂಪುಗಳು ಈ ಚಿತ್ರವನ್ನು ತಮ್ಮದೆಂದು ಹೇಳಿಕೊಳ್ಳತೊಡಗಿದಾಗ, 2017ರಲ್ಲಿ ಕಾರ್ಪೆಂಟರ್ ಅವರೇ ಮುಂದೆ ಬಂದು ಅದು ಹಸಿ ಸುಳ್ಳು, ತಮ್ಮ ಚಿತ್ರ ಕಡಿವಾಣವಿಲ್ಲದ ಬಂಡವಾಳಶಾಹಿಯ ಕುರಿತದ್ದು ಎಂದು ಸ್ಪಷ್ಟಪಡಿಸಿದರು.

ಟಿವಿಯಲ್ಲಿ ಇದರ ಚುರುಕಾದ ರೂಪ ‘ದ ಸಿಂಪ್ಸನ್ಸ್’ ಕಾರ್ಟೂನಿನ 1996ರ ಹ್ಯಾಲೋವೀನ್ ಕಂತು. ಅಧ್ಯಕ್ಷೀಯ ಚುನಾವಣೆಗೆ ಕೆಲವೇ ದಿನಗಳಿದ್ದಾಗ ಅದು ಪ್ರಸಾರವಾಯಿತು. ಅಭ್ಯರ್ಥಿಗಳಾದ ಕ್ಲಿಂಟನ್ ಮತ್ತು ಡೋಲ್ ಇಬ್ಬರ ವೇಷದಲ್ಲೂ ಅನ್ಯಗ್ರಹದವರೇ ಇದ್ದಾರೆ. ಗುಟ್ಟು ರಟ್ಟಾದಾಗಲೂ ಅವರು ಹೆದರುವುದಿಲ್ಲ: ಇರುವುದು ಎರಡೇ ಪಕ್ಷ, ಯಾರಾದರೊಬ್ಬರಿಗೆ ನೀವು ಮತ ಹಾಕಲೇಬೇಕು. ಜನ ಹಾಕುತ್ತಾರೆ, ಗುಲಾಮರಾಗುತ್ತಾರೆ.

ಅನ್ಯಗ್ರಹದವರು ಬಂದು ನಗಿಸಿದ ಮಾತ್ರಕ್ಕೆ ಎಲ್ಲ ಚಿತ್ರಗಳಿಗೂ ಈ ಹೆಸರು ಸಲ್ಲುವುದಿಲ್ಲ. ನಿರ್ದೇಶಕ ಎಡ್ ವುಡ್ ಅವರ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ ನೋಡಿ ಜನ ಬಿದ್ದು ಬಿದ್ದು ನಗುತ್ತಾರೆ. ಆದರೆ ಆತ ಅದನ್ನು ಮಾಡಿದ್ದು ಪೂರ್ಣ ಶ್ರದ್ಧೆಯಿಂದ, ಆದ್ದರಿಂದ ಅದು ಅಣಕವಲ್ಲ. ‘ಸ್ಕೇರಿ ಮೂವಿ 3’ ಬೇರೆ ಚಿತ್ರಗಳ ದೃಶ್ಯಗಳನ್ನು ಒಂದಾದ ಮೇಲೊಂದು ಗೇಲಿ ಮಾಡುತ್ತದೆ. ಅದು ಅಣಕ ಹೌದು, ಅದರಲ್ಲಿ ಸಮಾಜದ ವಿಡಂಬನೆ ತೀರಾ ತೆಳು. ‘ಗ್ಯಾಲಕ್ಸಿ ಕ್ವೆಸ್ಟ್’ (1999) ಬಾಹ್ಯಾಕಾಶ ಧಾರಾವಾಹಿಗಳ ನಟರನ್ನೂ ಅಭಿಮಾನಿಗಳನ್ನೂ ಪ್ರೀತಿಯಿಂದ ಕಾಲೆಳೆಯುತ್ತದೆ. ಅಲ್ಲಿ ಭೂಮಿಯ ಮೇಲೆ ದಂಡೆತ್ತಿ ಬಂದವರು ಯಾರೂ ಇಲ್ಲದ ಕಾರಣ ಅದನ್ನು ಪಕ್ಕದ ಮನೆಯ ಚಿತ್ರವೆಂದು ಎಣಿಸುವುದೇ ಸರಿ.